‘ಹಗುರ ಕೋವಿ ಅಣ್ಣಾ’ ಅಂದವನನ್ನು ನಂಬಿ 1,450 ಡಾಲರ್ ಕಳೆದುಕೊಂಡೆ

ಇದನ್ನು ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೆಯುತ್ತೇನೆ. ಹೂಸ್ಟನ್ ಸುತ್ತಮುತ್ತ ಹಂದಿ ಬೇಟೆಗೆ ಹೋಗುವ ನಮ್ಮವರು ಇದ್ದೀರಿ, ಅದೇ ಮನುಷ್ಯ ನಾಳೆ ನಿಮ್ಮನ್ನೂ ‘ಅಣ್ಣಾ’ ಅಂತ ಕರೆಯಬಹುದು.

ನಾನು ಕೊಡಗಿನವನು. ಕೈಲ್ ಮುಹೂರ್ತದ ದಿನ ಅಜ್ಜನ ಕೋವಿಯ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಕೈಮುಗಿದು ಬೆಳೆದವನು. ಕೋವಿ ಕೈಗೆ ಬಂದರೆ ಅದರ ಯೋಗ್ಯತೆ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಅದೇ ನನ್ನನ್ನು ಜಾಸ್ತಿ ಸುಡುತ್ತಿರೋದು.

ನನಗೆ ಬೇಕಿದ್ದದ್ದು ಇಷ್ಟೇ. 308 ಅನ್ನುವ ಅಳತೆಯ ತೋಟೆ ಹಾಕುವ ಸೆಮಿ ಆಟೋಮ್ಯಾಟಿಕ್ ರೈಫಲ್ (ಒಂದು ಈಡಾದ ಮೇಲೆ ಮುಂದಿನ ತೋಟೆ ತಾನೇ ಏರುವಂಥದ್ದು), ಹಗುರವಾಗಿರಬೇಕು. ಇಲ್ಲಿ ಹಂದಿ ಒಂಟಿಯಾಗಿ ಬರೋದು ಕಡಿಮೆ, ಹಿಂಡಾಗಿ ಬರುತ್ತೆ, ಮೊದಲ ಈಡಿಗೆ ಚದುರಿ ಓಡುತ್ತೆ, ಬೋಲ್ಟ್ (ತೋಟೆಯ ಹಿಂದೆ ಮುಚ್ಚುವ ಭಾಗ) ಕೈಯಲ್ಲಿ ಎಳೆದು ಇನ್ನೊಂದು ತೋಟೆ ಹಾಕುವಷ್ಟರಲ್ಲಿ ಹೊಲ ಖಾಲಿ. 223 ಅದಕ್ಕಿಂತ ಸಣ್ಣ ತೋಟೆ, ದೊಡ್ಡ ಗಂಡು ಹಂದಿಗೆ ಸರಿಯಾದ ಜಾಗಕ್ಕೆ ಬೀಳದಿದ್ದರೆ ಅದು ಗಾಯ ಹೊತ್ತು ಪೊದೆ ಸೇರುತ್ತೆ, ಆಮೇಲೆ ರಾತ್ರಿಯೆಲ್ಲ ಹುಡುಕಬೇಕು. ಆದರೆ ಈ ಬಗೆಯ 308ಗಳು ಸ್ಕೋಪ್ ಇಲ್ಲದೆಯೇ ಎಂಟೂವರೆ, ಒಂಬತ್ತು ಪೌಂಡ್ ತೂಗುತ್ತವೆ. ನನಗೆ 52 ವರ್ಷ, ಬಲಭುಜಕ್ಕೆ ಆಪರೇಷನ್ ಆಗಿದೆ. ರಾತ್ರಿ ಮೂರು ನಾಲ್ಕು ಮೈಲಿ ನಡೆಯಬೇಕು. ಹಾಗಾಗಿ ಏಳು ಪೌಂಡ್ ಒಳಗಿನದ್ದೇ ಬೇಕು ಅಂತ ಆರು ತಿಂಗಳು ಕಾದಿದ್ದೆ.

ಯುಗಾದಿ ಊಟದಲ್ಲಿ ಸಿಕ್ಕಿದ ಈ ಹುಡುಗ. ಪಕ್ಕದ ಎಲೆಯಲ್ಲೇ ಕೂತಿದ್ದ. ಬೇಟೆ ಮಾತು ಬಂತು. ‘ಅಣ್ಣಾ, ನನ್ನ ಹತ್ರ ಒಂದಿದೆ, 6.9 ಪೌಂಡ್, 60 ಈಡು ಕೂಡ ಹೊಡೆದಿಲ್ಲ, ಹೊಸದೇ ಅನ್ನಿ. ನಮ್ಮೋರಿಗೇ ಕೊಡೋಣ ಅಂತ ಇಟ್ಟಿದ್ದೀನಿ’ ಅಂದ. ನಮ್ಮೋರು. ಆ ಒಂದು ಮಾತಿಗೆ ನಾನು ಕರಗಿದೆ.

ಟೆಕ್ಸಾಸ್‌ನಲ್ಲಿ ಇಲ್ಲೇ ನೆಲೆಸಿರುವ ಇಬ್ಬರ ನಡುವಿನ ಖಾಸಗಿ ಮಾರಾಟಕ್ಕೆ ಅಂಗಡಿಯಲ್ಲಿ ತುಂಬುವ ಫಾರಂ ಬೇಕಿಲ್ಲ. ಅಂಗಡಿ ಪಾರ್ಕಿಂಗ್‌ನಲ್ಲಿ ಭೇಟಿ, ಡಿಕ್ಕಿ ತೆಗೆದ, ಕೋವಿ ತೋರಿಸಿದ. ಎತ್ತಿದೆ. ಹಗುರ ಅನಿಸಿತು. ಯಾಕೆ ಅನಿಸಿತು ಅಂದರೆ, ನಾನು ವರ್ಷಗಟ್ಟಲೆ ಹೊತ್ತಿದ್ದು ಸ್ಕೋಪ್ ಕೂರಿಸಿದ ಹಳೆಯ ಭಾರದ ಬೋಲ್ಟ್ ರೈಫಲ್, ಇದು ಬೋಳು ಕೋವಿ! ಅದಕ್ಕೂ ಇದಕ್ಕೂ ಹೋಲಿಸಿದೆ ನೋಡಿ, ಅಲ್ಲೇ ತಪ್ಪಿದ್ದು. 1,450 ಡಾಲರ್ ಎಣಿಸಿ ಕೈಗೆ ಕೊಟ್ಟೆ. ಒಂದು ಚೀಟಿ ಕೂಡ ಬರೆಸಿಕೊಳ್ಳಲಿಲ್ಲ.

ಮನೆಗೆ ಬಂದು ಇನ್ನೊಂದು ಸಲ ಖಾಲಿ ಇದೆಯಾ ಅಂತ ನೋಡಿ, ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇರುತ್ತಲ್ವಾ, ಅದಕ್ಕೆ ನೇತುಹಾಕಿದೆ. 4.05 ಕೆಜಿ. ತಕ್ಕಡಿ ಕೆಟ್ಟಿರಬೇಕು ಅಂದುಕೊಂಡು ಐದು ಕೆಜಿ ಸೋನಾ ಮಸೂರಿ ಚೀಲ ತೂಗಿದೆ. ಸರಿಯಾಗಿ ಐದು. ಮತ್ತೆ ಕೋವಿ. ಮತ್ತೆ 4.05. ಅಂದರೆ 8.9 ಪೌಂಡ್. ಕತ್ತಲಲ್ಲಿ ಮೈಬಿಸಿ ತೋರಿಸುವ ಥರ್ಮಲ್ ಸ್ಕೋಪ್ ಕೂರಿಸಿ 20 ತೋಟೆಯ ಮ್ಯಾಗಜೀನ್ ಹಾಕಿದರೆ ಐದೂವರೆ ಕೆಜಿ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡ್ತಿದ್ದಳು, ಏನೂ ಕೇಳಲಿಲ್ಲ.

ಆಗಲೇ ಫೋನ್ ಮಾಡಬೇಕಿತ್ತು. ಒಮ್ಮೆ ಹೊಡೆದು ನೋಡೋಣ ಅಂತ ರೇಂಜ್‌ಗೆ ಹೋದೆ. ಮೂರನೇ ಈಡಿಗೆ ಖಾಲಿ ತೋಟೆ ಒಳಗೇ ಕಚ್ಚಿಕೊಂಡಿತು, ಅಂಚು ಹರಿದಿತ್ತು. ಹಾಗೂ ಹೀಗೂ ಐದು ಮುಗಿಸಿ ಖಾಲಿ ತೋಟೆಗಳನ್ನು ಜೇಬಿಗೆ ಹಾಕಿಕೊಂಡು ಬಂದೆ. ಅಡುಗೆಮನೆ ದೀಪದ ಕೆಳಗೆ ನೋಡಿದರೆ ಪ್ರತಿಯೊಂದರ ಬುಡದಿಂದ ಸ್ವಲ್ಪ ಮೇಲೆ, ಉಗುರಿನಷ್ಟು ಅಗಲವೂ ಇಲ್ಲ, ಹೊಳೆಯುವ ಒಂದು ಉಂಗುರ. ಹಿತ್ತಾಳೆ ಅಲ್ಲಿ ಹಿಗ್ಗಿ ತೆಳುವಾಗಿದೆ ಅಂತ ಅರ್ಥ. ಇನ್ನೂ ಹಿಗ್ಗಿದರೆ ತೋಟೆ ಒಳಗೇ ಎರಡು ತುಂಡಾಗುತ್ತೆ, ಬಿಸಿ ಗ್ಯಾಸ್ ಹಿಂದಕ್ಕೆ ಬರುತ್ತೆ, ನಮ್ಮ ಮುಖ ಇರೋದು ಅಲ್ಲೇ.

ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಹತ್ರ ಒಯ್ದೆ. ಅವರು ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಚ್ಚಿದಾಗ ತೋಟೆಗೆ ಒಳಗೆ ಉಳಿಯುವ ಜಾಗ, ಅಳೆಯುವ ನೋ-ಗೋ ಗೇಜ್ ಹಾಕಿದರು. ಅದರ ಮೇಲೆ ಬೋಲ್ಟ್ ಮುಚ್ಚಬಾರದು. ಆರಾಮಾಗಿ ಮುಚ್ಚಿತು, ಅಂದರೆ ಜಾಗ ಜಾಸ್ತಿ ಇದೆ. ಆಮೇಲೆ ಮುಂಗೈ ಹಿಡಿಯುವ ಕವಚ ಬಿಚ್ಚಿದರು. ಒಳಗಿರೋದು ಮೂಲದ ಸಪೂರ ನಳಿಗೆಯೇ ಅಲ್ಲ, ದಪ್ಪ ನಳಿಗೆ, ಬೇರೆಯದ್ದು. ಕವಚ ಉದ್ದ ಇತ್ತು, ಹೊರಗೆ ಕಾಣ್ತಿದ್ದದ್ದು ಮೂರು ಬೆರಳಷ್ಟು ಮಾತ್ರ, ನಾನು ಎಲ್ಲಿಂದ ನೋಡಲಿ? ಒಳಗೆ ಕ್ಯಾಮೆರಾ ಇಳಿಸಿದರೆ ತೋಟೆ ಕೂರುವ ಜಾಗದ ಮುಂದೆಯೇ ನಳಿಗೆ ಸುಟ್ಟು ಬಿರುಕು ಬಿಟ್ಟಿದೆ. ‘60 ಈಡಿಗೆ ಹೀಗಾಗಲ್ಲ’ ಅಂದರು. 223ರ ಕೋವಿಗಳ ಥರ 308ಕ್ಕೆ ಎಲ್ಲರೂ ಒಪ್ಪಿದ ಒಂದೇ ಅಳತೆ ಇಲ್ಲ, ಒಂದು ಕಂಪನಿಯ ಬೋಲ್ಟ್ ಇನ್ನೊಂದರ ನಳಿಗೆಗೆ ಸರಿಯಾಗಿ ಕೂರಲ್ಲ, ಹಗುರ ಮಾಡೆಲ್‌ಗಳಲ್ಲಂತೂ ಎಷ್ಟೋ ಭಾಗ ಆ ಕಂಪನಿಯವೇ ಆಗಬೇಕು ಅಂತ ಅವರೇ ಹೇಳಿದ್ದು.

ಈಗ ಅವನ ಉತ್ತರಗಳು. ತೂಕದ ಬಗ್ಗೆ ಕೇಳಿದರೆ ‘ಅಣ್ಣಾ, ಅದು ಕಂಪನಿ ಹಾಕಿರೋ ತೂಕ, ನಾನು ತೂಗಿದ್ದೀನಿ ಅಂತ ಯಾವತ್ತು ಹೇಳಿದೆ?’ ನಳಿಗೆ ಬಗ್ಗೆ ಕೇಳಿದರೆ ‘ದಪ್ಪ ನಳಿಗೆ ಬಿಸಿ ತಡೆಯುತ್ತೆ ಅಣ್ಣಾ, ನಿಮಗೆ ಒಳ್ಳೇದೇ ಆಯ್ತಲ್ವಾ.’ ಗೇಜ್‌ನ ಫೋಟೋ ಕಳಿಸಿದೆ, ಉಂಗುರದ ಫೋಟೋ ಕಳಿಸಿದೆ. ‘ನೀವು ಹಾಕಿದ ತೋಟೆ ಸರಿ ಇರಲಿಲ್ಲ’ ಅಂದ. ಅಂಗಡಿಯ ಹೊಸ ಡಬ್ಬಿಯಿಂದ ತೆಗೆದ ತೋಟೆ ಅವು! ‘ನೋಡಪ್ಪಾ, ದುಡ್ಡು ಹೋಗಲಿ, ಇದು ನನ್ನ ಮುಖದ ಹತ್ರ ಸಿಡಿದಿದ್ದರೆ?’ ಅಂದೆ. ಅದಕ್ಕೆ ‘ಸಿಡಿದಿಲ್ಲ ಅಲ್ವಾ ಅಣ್ಣಾ’. ಅಷ್ಟೇ. ಆಮೇಲೆ ಬ್ಲಾಕ್. ಸಿಡಿದಿಲ್ಲ ಅಲ್ವಾ ಅಣ್ಣಾ. ಎರಡು ವಾರ ಆಯ್ತು, ಈ ಮಾತು ಕಿವಿಯಿಂದ ಹೋಗ್ತಿಲ್ಲ.

ಕೊಳ್ಳುವವರಿಗೆ ಹೇಳೋದು ಸ್ವಲ್ಪವೇ. ತಕ್ಕಡಿ ಜೇಬಲ್ಲಿಟ್ಟುಕೊಂಡು ಹೋಗಿ, ಕಂಪನಿ ತೂಕ ನಂಬಬೇಡಿ, ಸ್ಕೋಪ್ ಮತ್ತು ತುಂಬಿದ ಮ್ಯಾಗಜೀನ್ ಸೇರಿಸಿ ಲೆಕ್ಕ ಹಾಕಿ. ದುಡ್ಡು ಕೊಡುವ ಮುಂಚೆ ಗನ್‌ಸ್ಮಿತ್ ಗೇಜ್ ಹಾಕಿ ನೋಡಲಿ, ಆಮೇಲೆ ಮಾರುವವನನ್ನೇ ರೇಂಜ್‌ಗೆ ಕರೆಯಿರಿ. ಬರಲ್ಲ ಅಂದರೆ ಅಲ್ಲಿಗೇ ಬಿಡಿ. ಚೀಟಿ ಬರೆಸಿಕೊಳ್ಳಿ, ಕನ್ನಡದವನಾದರೆ ಎರಡು ಬರೆಸಿಕೊಳ್ಳಿ. ಎಚ್-1ಬಿ ಮೇಲಿರುವ ಹುಡುಗರೇ, ನಿಮಗೆ ಬೇರೆ ಲೆಕ್ಕ. ಟೆಕ್ಸಾಸ್‌ನಲ್ಲಿ ಜಮೀನಿನವರು ಒಪ್ಪಿದರೆ 2019ರಿಂದ ಹಂದಿ ಬೇಟೆಗೆ ಲೈಸೆನ್ಸ್ ಬೇಡ, ನಿಜ. ಆದರೆ ನಿಮ್ಮ ವೀಸಾದಲ್ಲಿ ಕೋವಿ ಇಟ್ಟುಕೊಳ್ಳೋಕೆ ಸಾಮಾನ್ಯವಾಗಿ ಆ ಬೇಟೆ ಲೈಸೆನ್ಸೇ ಆಧಾರ. ಇಂಥ ಪಾರ್ಕಿಂಗ್ ವ್ಯಾಪಾರಕ್ಕೆ ಸುಮ್ನೆ ಹೋಗಬೇಡಿ.

ಕೋವಿ ಈಗ ಬೋಲ್ಟ್ ತೆಗೆದು ಬೀರುವಿನಲ್ಲಿದೆ. ಹೀಗೇ ಇನ್ನೊಬ್ಬರಿಗೆ ಮಾರಿಬಿಡು ಅಂದವರಿದ್ದಾರೆ, ಮಾರಲ್ಲ. ಆ ಐದು ಖಾಲಿ ತೋಟೆಗಳನ್ನು ಡಬ್ಬಿಯಲ್ಲಿಟ್ಟಿದ್ದೇನೆ. ಉಂಗುರ ಹೇಗಿರುತ್ತೆ ಅಂತ ಕಣ್ಣಾರೆ ನೋಡಬೇಕು ಅನ್ನುವವರು ಮೆಸೇಜ್ ಮಾಡಿ, ಮನೆಗೇ ಬನ್ನಿ, ತೋರಿಸುತ್ತೇನೆ.