ಭಾರತದ ಪಾಸ್‌ಪೋರ್ಟ್ ಉಳಿಸಿಕೊಳ್ಳಬೇಕೋ, ಅಮೆರಿಕದ ಪೌರತ್ವ ಪಡೆದು ಓಸಿಐ ಮಾಡಿಸಬೇಕೋ?

ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ವಾಸದ ಪರವಾನಗಿ) ಸಿಕ್ಕಿ ಸಾಮಾನ್ಯವಾಗಿ 5 ವರ್ಷವಾದ ಮೇಲೆ ಅಮೆರಿಕದ ಕನ್ನಡಿಗರಿಗೆ ಈ ಪ್ರಶ್ನೆ ಬರುತ್ತದೆ. ಎರಡೂ ಇರಲಿ ಎನ್ನುವಂತಿಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ, ಬೇರೆ ದೇಶದ ಪೌರತ್ವ ಪಡೆದರೆ ಭಾರತದ್ದು ಹೋಗುತ್ತದೆ.

ಓಸಿಐ ಎಂದರೆ 'ಭಾರತದ ಸಾಗರೋತ್ತರ ನಾಗರಿಕ' ಅಂತ. ಹೆಸರು ನೋಡಿ ಮೋಸಹೋಗಬೇಡಿ, ಅದು ಪೌರತ್ವವಲ್ಲ. ಜೀವನಪೂರ್ತಿ ನಡೆಯುವ ವೀಸಾ ಅಷ್ಟೆ. ಊರಿಗೆ ಬರಬಹುದು, ಇರಬಹುದು, ಖಾಸಗಿ ಕೆಲಸ ಮಾಡಬಹುದು. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ.

ಗದ್ದೆ ತೋಟದ ಚಿಂತೆ ಹಲವರಿಗೆ ಜಾಸ್ತಿ. ಇಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ: ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯೂ ಕೃಷಿ ಭೂಮಿ ಕೊಳ್ಳುವಂತಿಲ್ಲ. ಅಪ್ಪ ಅಮ್ಮನಿಂದ ಪಿತ್ರಾರ್ಜಿತವಾಗಿ ಬಂದರೆ ಇಬ್ಬರೂ ಇಟ್ಟುಕೊಳ್ಳಬಹುದು.

ನನ್ನ ಮಟ್ಟಿಗೆ ಮತವೇ ದೊಡ್ಡದು. ಅನಿವಾಸಿ ಭಾರತೀಯರಿಗೆ ಮತದ ಹಕ್ಕಿದೆ, ಆದರೆ ಊರಿನ ಮತಗಟ್ಟೆಗೇ ಬಂದು ಹಾಕಬೇಕು. ಹುಬ್ಬಳ್ಳಿಯಲ್ಲಿ ಮತ ಹಾಕಲು ಡಲ್ಲಾಸ್‌ನಿಂದ ಎಷ್ಟು ಜನ ವಿಮಾನ ಹತ್ತುತ್ತಾರೆ? ಇತ್ತ ಗ್ರೀನ್ ಕಾರ್ಡ್‌ನವರು ತೆರಿಗೆ ಕಟ್ಟಿದರೂ ಅಮೆರಿಕದ ಅಧ್ಯಕ್ಷರನ್ನು ಆರಿಸುವಂತಿಲ್ಲ. ಎರಡೂ ಕಡೆ ದನಿ ಇಲ್ಲದೆ 20 ವರ್ಷ ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳ ಶಾಲೆ, ಮನೆ, ದುಡಿಮೆ ಎಲ್ಲ ಅಲ್ಲೇ ಇದ್ದರೆ ಅಲ್ಲಿಯ ಪೌರತ್ವ ಪಡೆಯಿರಿ, ಮತ ಹಾಕಿ.

ನಾಲ್ಕೈದು ವರ್ಷದಲ್ಲಿ ಖಂಡಿತ ವಾಪಸ್ ಬರುವವರಾದರೆ? ಪಾಸ್‌ಪೋರ್ಟ್ ಬಿಡಬೇಡಿ. ಓಸಿಐ ಕೇಂದ್ರ ಸರ್ಕಾರ ಕೊಡುವ ಅನುಕೂಲ, ಅದನ್ನು ರದ್ದು ಮಾಡುವ ಅಧಿಕಾರವೂ ಕಾಯ್ದೆಯಲ್ಲೇ ಇದೆ.