ಕಲ್ಲುಸಕ್ಕರೆ, ಜೀರಿಗೆ ರೊಟ್ಟಿ, ಗ್ರಾನೈಟ್ ಅಂಗಡಿ: ಕಲ್ಲಿನ ಪಾಠಕ್ಕೆ ಯಾವುದು ವಾಸಿ?

ಭೂಗೋಳ ಓದುವಾಗ ನನಗೆ ಪ್ರತಿ ಸಲ ಕೈಕೊಡುತ್ತಿದ್ದುದು ಒಂದೇ ಪಾಠ. ಶಿಲಾಪಾಕ, ಅಂದರೆ ಭೂಮಿಯೊಳಗೆ ಕರಗಿದ ಕಲ್ಲು, ಆರಿ ಗಟ್ಟಿಯಾದರೆ ಅಗ್ನಿಶಿಲೆ, ಇದ್ದ ಕಲ್ಲೇ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬದಲಾದರೆ ರೂಪಾಂತರ ಶಿಲೆ. ಇಷ್ಟು ಬಾಯಿಪಾಠ ಇತ್ತು. ತುಮಕೂರಿನ ನಮ್ಮ ಮನೆ ಬಾಗಿಲ ಚಪ್ಪಡಿ ತೋರಿಸಿ "ಇದ್ಯಾವುದು ಚಿಕ್ಕಮ್ಮ?" ಅಂತ ಅಕ್ಕನ ಮಗ ಕೇಳಿದಾಗ ಮಾತ್ರ ಬಾಯಿ ಕಟ್ಟಿತು. ಆಮೇಲೆ ಎರಡು ತಿಂಗಳು ನಾಲ್ಕು ದಾರಿ ಹಿಡಿದು ನೋಡಿದೆ.

ಮೊದಲು ಆನ್‌ಲೈನಲ್ಲಿ ಕಲ್ಲಿನ ಮಾದರಿಗಳ ಡಬ್ಬಿ ತರಿಸಿದೆ. ದುಡ್ಡು ದಂಡ. ತುಂಡುಗಳು ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡವು. ನೈಸ್ ಅನ್ನೋ ರೂಪಾಂತರ ಶಿಲೆಯ ಗುರುತೇ ಕಪ್ಪು-ಬಿಳಿ ಪಟ್ಟೆ, ಆ ಪಟ್ಟೆ ಒಂದೊಂದು ಸಲ ಗೇಣಗಲ ಇರುತ್ತೆ. ಅಷ್ಟು ಸಣ್ಣ ಚೂರಲ್ಲಿ ಬರೀ ಬಿಳಿ ಭಾಗ ಬಂದರೆ ಅದು ಗ್ರಾನೈಟೋ ನೈಸೋ ಚೀಟಿ ಓದದೆ ಹೇಳೋಕಾಗಲ್ಲ. ಒಂದೆರಡು ಚೀಟಿ ದಾರಿಯಲ್ಲೇ ಉದುರಿಹೋಗಿದ್ದವು ಬೇರೆ.

ಎರಡನೆಯದು ಅಡುಗೆಮನೆ. ಶಿಲಾಪಾಕ ಅನ್ನೋ ಪದದಲ್ಲೇ ಪಾಕ ಇದೆಯಲ್ಲ! ಸಕ್ಕರೆ ಪಾಕವನ್ನು ಎರಡು ಪಾಲು ಮಾಡಿದೆ. ಒಂದು ಪಾಲನ್ನು ಚೆನ್ನಾಗಿ ಕಾಯಿಸಿ ತಣ್ಣನೆ ತಟ್ಟೆಗೆ ಸುರಿದೆ. ಹರಳೇ ಕಟ್ಟದೆ ಗಾಜಿನ ಹಾಗೆ ಗಟ್ಟಿಯಾಯಿತು. ಇನ್ನೊಂದನ್ನು ತೆಳುವಾಗಿಯೇ ಲೋಟದಲ್ಲಿಟ್ಟು ದಾರ ಇಳಿಬಿಟ್ಟೆ. ಹತ್ತು ದಿನಕ್ಕೆ ಕಲ್ಲುಸಕ್ಕರೆ. (ಮೊದಲ ಸಲದ್ದು ಇರುವೆಗಳ ಪಾಲಾಯಿತು.) ಕಲ್ಲಿನಲ್ಲೂ ಹೀಗೇ: ಲಾವಾ ಮೇಲೆ ಬಂದು ಬೇಗ ಆರಿದ ಬಸಾಲ್ಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು. ಆಳದಲ್ಲೇ ನಿಧಾನಕ್ಕೆ ಆರಿದ ಗ್ರಾನೈಟಿನಲ್ಲಿ ದಪ್ಪ ಹರಳು. ಸಕ್ಕರೆ ನೀರಲ್ಲಿ ಕರಗಿದ್ದು, ಶಿಲಾಪಾಕ ಕಲ್ಲೇ ಕರಗಿದ್ದು, ಆ ವ್ಯತ್ಯಾಸ ಇದ್ದೇ ಇದೆ.

ರೂಪಾಂತರಕ್ಕೆ ರೊಟ್ಟಿ ಹಿಟ್ಟಿಗೆ ಜೀರಿಗೆ ಕಲಸಿ, ಉಂಡೆಯನ್ನು ಮಣೆ ಕೆಳಗಿಟ್ಟು ಒತ್ತಿದೆ. ಚಾಕುವಿನಲ್ಲಿ ಕತ್ತರಿಸಿ ಅಂಚು ನೋಡಿದರೆ ಎತ್ತೆತ್ತಲೋ ನಿಂತಿದ್ದ ಜೀರಿಗೆಯೆಲ್ಲ ಸಾಲಾಗಿ ಮಲಗಿತ್ತು. ಹಿಟ್ಟು ಕರಗಲೇ ಇಲ್ಲ ಅನ್ನೋದು ಇಲ್ಲಿ ಮುಖ್ಯ. ರೂಪಾಂತರ ನಡೆಯೋದು ಕಲ್ಲು ಗಟ್ಟಿಯಾಗಿರುವಾಗಲೇ. ನಾನು ವರ್ಷಗಟ್ಟಲೆ ಅದೂ ಕರಗುತ್ತೆ ಅಂದುಕೊಂಡಿದ್ದೆ. ಆದರೆ ರೊಟ್ಟಿಯಲ್ಲಿ ಜೀರಿಗೆ ಜೀರಿಗೆಯಾಗೇ ಉಳಿಯುತ್ತೆ, ಕಲ್ಲಲ್ಲಿ ಹಳೆ ಖನಿಜ ಹೋಗಿ ಹೊಸದು ಹುಟ್ಟುತ್ತೆ. ಅದನ್ನು ಅಡುಗೆಮನೆ ಕಲಿಸಲ್ಲ.

ಮೂರನೆಯದು ಹೈವೇ ಪಕ್ಕದ ಗ್ರಾನೈಟ್ ಅಂಗಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಹಿಡಿದು ಹೋದೆ. "ಅಡುಗೆಕಟ್ಟೆಗಾ ಅಕ್ಕಾ?" ಅಂದ ಹುಡುಗ. "ಬರೀ ನೋಡೋಕಪ್ಪ" ಅಂದೆ. ನಕ್ಕ, ಆದರೂ ಚೊಂಬಲ್ಲಿ ನೀರು ತಂದು ಪಾಲಿಶ್ ಇಲ್ಲದ ಸ್ಲ್ಯಾಬಿನ ಮೇಲೆ ಎರಚಿದ. "ಈಗ ನೋಡಿ, ಹೂವು ಕಾಣ್ತದೆ." ನಿಜ. ನಸುಗೆಂಪು ಫೆಲ್ಡ್‌ಸ್ಪಾರ್, ಗಾಜಿನಂಥ ಬೆಣಚು, ನಡುನಡುವೆ ಕಾಗೆಬಂಗಾರದ ಕರಿ ಚೂರು, ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಪಟ್ಟೆ ಇಲ್ಲ, ದಿಕ್ಕಿಲ್ಲ, ಬರೀ ಚುಕ್ಕೆ. ಪಕ್ಕದ "ಬ್ಲ್ಯಾಕ್ ಗ್ರಾನೈಟ್" ಗ್ರಾನೈಟೇ ಅಲ್ಲ: ಬಿರುಕಿಗೆ ನುಗ್ಗಿ ಆರಿದ ಡೋಲರೈಟ್, ಹರಳು ಬಸಾಲ್ಟಿಗೂ ಗ್ರಾನೈಟಿಗೂ ನಡುವಿನದು. ಅಂಗಡಿಯವರು ಪ್ಯಾರಡೈಸೋ ಅನ್ನೋ ಕಲ್ಲಿನ ಮುಂದೆ ಅರ್ಧ ಗಂಟೆ ನಿಂತೆ. ಸೀರೆ ನೆರಿಗೆಯ ಹಾಗೆ ಪಟ್ಟೆಗಳು ಮಡಚಿಕೊಂಡಿದ್ದವು. ಅದು ಮಿಗ್ಮಟೈಟ್ ಜಾತಿಯ ನೈಸ್, ಬಿಸಿ ಮಿತಿಮೀರಿ ಕಲ್ಲಿನ ಒಂದು ಪಾಲು ಕರಗಿಯೂ ಬಿಟ್ಟದ್ದು. ನೋಟ್ಸಲ್ಲಿ ಅಗ್ನಿಶಿಲೆಗೂ ರೂಪಾಂತರ ಶಿಲೆಗೂ ನಡುವೆ ಎಳೆದ ಗೆರೆ ಆ ಸ್ಲ್ಯಾಬಿನಲ್ಲಿ ಎಲ್ಲೂ ಇರಲಿಲ್ಲ.

ಕೊನೆಯದು ಬೆಟ್ಟ. ಮಧುಗಿರಿಯದು ಕ್ಲೋಸ್‌ಪೇಟೆ ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೇ ಹೆಸರು. ಆಳದಲ್ಲಿ ಆರಿದ ಪಾಕದ ಗಾತ್ರ ಎಷ್ಟಿತ್ತು ಅನ್ನೋದು ಅಲ್ಲಿ ಹತ್ತುವಾಗ ಕಾಲಿಗೇ ಗೊತ್ತಾಗುತ್ತೆ. ಹರಳು ನೋಡೋಕೆ ಮಾತ್ರ ಅಂಗಡಿಯೇ ಮೇಲು. ಬಿಸಿಲು ಮಳೆಗೆ ಬಂಡೆ ಮೈಯೆಲ್ಲ ಕಪ್ಪಿಟ್ಟಿದೆ, ಕೋಟೆ ಇರುವ ಬೆಟ್ಟದಲ್ಲಿ ಸುತ್ತಿಗೆ ಎತ್ತುವ ಹಾಗೂ ಇಲ್ಲ.

ರೂಪಾಂತರ ಶಿಲೆ ನೋಡೋಕೆ ಕೋಲಾರದ ಕೆಜಿಎಫ್ ಕಡೆ ಹೋದೆ. ಬೆಂಗಳೂರು ದಾಟಿ ಹೋಗಿಬರಲು ಒಂದು ದಿನ ಪೂರ್ತಿ. 2001ರಲ್ಲಿ ಮುಚ್ಚಿದ, ಮೂರು ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಗಣಿಯ ಸೈನೈಡ್ ಗುಡ್ಡಗಳನ್ನು ನೋಡಿ ಮೋಸಹೋಗಬೇಡಿ, ಅವು ಚಿನ್ನ ತೆಗೆದ ಮೇಲೆ ಉಳಿದ ಪುಡಿ. ನೋಡಬೇಕಾದ್ದು ಕರಿ ಶಿಸ್ಟ್, ಪದರಪದರವಾದ ರೂಪಾಂತರ ಶಿಲೆ. ರಸ್ತೆ ಬದಿ ಬಿದ್ದಿದ್ದ ಒಂದು ತುಂಡನ್ನು ಬಿಸಿಲಿಗೆ ಹಿಡಿದು ತಿರುಗಿಸಿದರೆ ಹಾರ್ನ್‌ಬ್ಲೆಂಡ್ ಅನ್ನೋ ಕರಿ ಖನಿಜದ ಸಣ್ಣ ಸೂಜಿಗಳೆಲ್ಲ ಒಟ್ಟಿಗೇ ಮಿಂಚಿ ಒಟ್ಟಿಗೇ ಆರಿದವು. ಒಂದು ಕಾಲಕ್ಕೆ ಅದು ಬಸಾಲ್ಟ್ ಲಾವಾ, ಅಂದರೆ ಅಗ್ನಿಶಿಲೆ. ಆಮೇಲೆ ಹೂತು, ಬೆಂದು, ಒತ್ತಿಸಿಕೊಂಡು ಹೊಸ ಖನಿಜ ಕಟ್ಟಿಕೊಂಡಿದೆ. ಜೀರಿಗೆ ರೊಟ್ಟಿ ಹೇಳದೆ ಬಿಟ್ಟದ್ದು ಅಂಗೈಯಲ್ಲೇ ಇತ್ತು.

ಒಂದೇ ದಾರಿಗೆ ಪುರುಸೊತ್ತು ಇದ್ದರೆ ಮಸೂರ ಕೊಂಡು ಗ್ರಾನೈಟ್ ಅಂಗಡಿಗೆ ಹೋಗಿ. ಕಟಿಂಗ್ ಮಷೀನ್ ನಿಂತಿರುವ ಹೊತ್ತು ನೋಡಿಕೊಂಡು ಹೋಗಿ, ಇಲ್ಲದಿದ್ದರೆ ಧೂಳಲ್ಲಿ ಮಸೂರವೂ ಕಾಣಲ್ಲ, ಹುಡುಗನ ಮಾತೂ ಕೇಳಲ್ಲ. ನಮ್ಮ ಮನೆ ಬಾಗಿಲ ಚಪ್ಪಡಿ ನೈಸ್; ನೀರು ಹಾಕಿ ನೋಡಿದೆ.