ಫಿಫ್ತ್ ವೀಲ್ ಟ್ರೇಲರ್ ಮಟ್ಟ ಮಾಡಲು ಯಾವ ಕಾಲು? ಒಂಟಿ ಮೋಟಾರ್, ಎಲೆಕ್ಟ್ರಿಕ್ ಆಟೋ ಲೆವೆಲ್, ಹೈಡ್ರಾಲಿಕ್ ಹೋಲಿಕೆ

ಫಿಫ್ತ್ ವೀಲ್ ಎಂದರೆ ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿರುವ ಕೊಂಡಿಗೆ ಮೂತಿ ಕೂರಿಸಿ ಎಳೆಯುವ ವಾಸದ ಟ್ರೇಲರ್. ಅಮೆರಿಕದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕಾಣುವ ಇಂಥ ದೊಡ್ಡ ಟ್ರೇಲರ್‌ಗಳ ಮೂತಿಯಡಿ ಎರಡು ಕಾಲು ಇರುತ್ತವೆ. ಮಂಗಳೂರು ಬಂದರಿನ ಕಂಟೇನರ್ ಲಾರಿಗಳ ಟ್ರೇಲರ್‌ಗೂ ಇಂಥದೇ ಕಾಲು, ಅಲ್ಲಿ ಹ್ಯಾಂಡಲ್ ತಿರುಗಿಸಿ ಇಳಿಸುತ್ತಾರೆ. ಸರಕಿನ ಟ್ರೇಲರ್ ಸ್ವಲ್ಪ ವಾಲಿ ನಿಂತರೆ ಯಾರಿಗೂ ತೊಂದರೆಯಿಲ್ಲ. ವಾಸದ ಟ್ರೇಲರ್ ವಾಲಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಸ್ಲೈಡ್‌ಔಟ್ (ನಿಲ್ಲಿಸಿದಾಗ ಗೋಡೆಯಿಂದ ಹೊರಕ್ಕೆ ಜಾರುವ ಕೋಣೆಯ ಭಾಗ) ಹಿಡಿದುಕೊಳ್ಳುತ್ತದೆ, ಗ್ಯಾಸ್ ಫ್ರಿಜ್ ಕೆಡುತ್ತದೆ. ಅಮೋನಿಯಾದಿಂದ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್‌ಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ ಅಡ್ಡಕ್ಕೆ 3 ಡಿಗ್ರಿ, ಉದ್ದಕ್ಕೆ 6 ಡಿಗ್ರಿ. ಅದಕ್ಕಿಂತ ವಾಲಿದರೆ ದ್ರವ ಇಳಿದು ಬರಬೇಕಾದ ಕೊಳವೆಯಲ್ಲೇ ನಿಲ್ಲುತ್ತದೆ, ಬಾಯ್ಲರ್ ಒಣಗಿ ಕಾಯುತ್ತದೆ. 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಇದ್ದವರಿಗೆ ಈ ಚಿಂತೆ ಅಷ್ಟಿಲ್ಲ.

ಮೂರು ಬಗೆಯನ್ನೂ ಬಳಸಿ ನೋಡಿದರೆ ನಿಜವಾದ ವ್ಯತ್ಯಾಸ ಇರುವುದು ಒಂದೇ ಕಡೆ: ಎಡ-ಬಲದ ವಾಲನ್ನು ಟ್ರಕ್ ಬಿಚ್ಚುವ ಮೊದಲೇ ಸರಿಪಡಿಸಬೇಕೋ, ಬಿಚ್ಚಿದ ಮೇಲೂ ಆಗುತ್ತದೋ. ಕಾಲಿನ ತಾಕತ್ತು ಆಮೇಲಿನ ಮಾತು.

ಒಂಟಿ ಮೋಟಾರ್ ಕಾಲುಗಳಿಂದ ಶುರು ಮಾಡೋಣ. ಒಂದು ಕಾಲಿನ ತಲೆಯ ಮೇಲೆ 12 ವೋಲ್ಟ್ ಮೋಟಾರ್, ಅಲ್ಲಿಂದ ಇನ್ನೊಂದು ಕಾಲಿಗೆ ಅಡ್ಡ ಶಾಫ್ಟ್. ಎರಡೂ ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಇಳಿಯುತ್ತವೆ. ಹಾಗಾಗಿ ಇವು ಸರಿಪಡಿಸುವುದು ಮೂತಿಯ ಎತ್ತರವನ್ನು ಮಾತ್ರ. ಅಡ್ಡ ವಾಲಿಗೆ ತಗ್ಗಿನ ಕಡೆಯ ಚಕ್ರಗಳಡಿ ಹಲಗೆ ಕೊಡಬೇಕು, ಅದೂ ಟ್ರಕ್ ಕೊಂಡಿಯಲ್ಲಿರುವಾಗಲೇ. ಎಡ-ಬಲ ಚಕ್ರಗಳ ನಡುವೆ ಸುಮಾರು 72 ಇಂಚು ಇದ್ದರೆ 1 ಡಿಗ್ರಿಗೆ ಒಂದೂಕಾಲು ಇಂಚು ಬೇಕು. ಅಂಗಡಿಯಲ್ಲಿ 2x10 ಎಂದು ಮಾರುವ ಹಲಗೆ ನಿಜದಲ್ಲಿ ಒಂದೂವರೆ ಇಂಚು ದಪ್ಪ, ಆದ್ದರಿಂದ ಒಂದು ಹಲಗೆಗೆ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಎಂದು ಲೆಕ್ಕ ಹಾಕಿಕೊಳ್ಳಿ. ಎರಡು ಆಕ್ಸಲ್ ಇದ್ದರೆ ಆ ಬದಿಯ ಎರಡು ಟೈರೂ ಹಲಗೆ ಮೇಲೆ ಬರಬೇಕು. ಒಂದನ್ನೇ ಏರಿಸಿದರೆ ಹೊರೆ ಅದರ ಮೇಲೇ ಬೀಳುತ್ತದೆ. ಆಂಡರ್ಸನ್ ತರಹದ ಬಾಗಿದ ಪ್ಲಾಸ್ಟಿಕ್ ಆಪು ಇದ್ದರೆ ರಸಮಟ್ಟ ನೋಡುತ್ತಾ ಮೆಲ್ಲಗೆ ಹತ್ತಿಸಿ, ಗುಳ್ಳೆ ನಡುವೆ ಬಂದಾಗ ನಿಲ್ಲಿಸಬಹುದು. ಟೈರ್‌ಗಳ ನಡುವಿನ ಸಂದು ಕಿರಿದಾದ ಟ್ರೇಲರ್‌ಗಳಲ್ಲಿ ಅದರ ತುದಿಯನ್ನು ಗರಗಸದಿಂದ ಕತ್ತರಿಸಿಕೊಳ್ಳಬೇಕಾಗುತ್ತದೆ.

ಮುಂದಿನ ಒಂದು ಕಾಲಿನಡಿ ಮಾತ್ರ ಹಲಗೆ ಕೊಟ್ಟು ಎತ್ತಿ ಅಡ್ಡ ವಾಲು ತೆಗೆಯುತ್ತೇನೆ ಎಂದು ಹೊರಡುವವರಿದ್ದಾರೆ. ಬೇಡ. ಹಿಂದೆ ಆಕ್ಸಲ್ ವಾಲಿಕೊಂಡೇ ಇರುತ್ತದೆ, ಮುಂದೆ ನೀವು ತಿರುಚುತ್ತೀರಿ, ನಡುವೆ ಸೊಟ್ಟಗಾಗುವುದು ಫ್ರೇಮ್. ಬಾಗಿಲು ಚೌಕಟ್ಟಿಗೆ ಉಜ್ಜತೊಡಗಿದರೆ ಇದೇ ಕಾರಣವೋ ಎಂದು ಮೊದಲು ನೋಡಿ.

ಈ ಕಾಲುಗಳಲ್ಲಿ ಹೆಚ್ಚಿನವರು ಎಡವುವುದು ಡ್ರಾಪ್ ಲೆಗ್ ಬಿಡುವಾಗ. ಪಿನ್ ಎಳೆದು ಒಳಗಿನ ಕಾಲನ್ನು ಕೈಯಲ್ಲೇ ಇಳಿಸಿ, ತೂತಿಗೆ ಪಿನ್ ಕೂರಿಸುತ್ತೀರಲ್ಲ, ಆಗ ಜಾಗದ ಇಳಿಜಾರು ಯಾವ ಕಡೆಗೆ ಎಂದು ನೋಡಿರಬೇಕು. ಮೂತಿ ತಗ್ಗಿನ ಕಡೆ ಇದ್ದರೆ ಮೋಟಾರ್ ಪೂರ್ತಿ ಒಳಗೆಳೆದುಕೊಂಡಿರಲಿ, ಡ್ರಾಪ್ ಲೆಗ್ ನೆಲಕ್ಕೆ ಹತ್ತಿರವಾಗುವಷ್ಟು ಬಿಡಿ. ಮೋಟಾರಿನ ಪೂರ್ತಿ ಓಟ ಎತ್ತುವುದಕ್ಕೇ ಉಳಿಯುತ್ತದೆ. ಮೂತಿ ಏರಿನ ಕಡೆ ಇದ್ದರೆ ಉಲ್ಟಾ: ಮೊದಲು ಮೋಟಾರ್‌ನಲ್ಲಿ ಆರೇಳು ಇಂಚು ಇಳಿಸಿ, ಆಮೇಲೆ ಡ್ರಾಪ್ ಲೆಗ್ ಬಿಡಿ. ಇದನ್ನು ಮರೆತರೆ ಟ್ರಕ್ ಹೋದ ಮೇಲೆ ಮೂತಿ ಇಳಿಸಲು ಹೊರಟಾಗ ಕಾಲು ಒಂದೆರಡು ಇಂಚಿಗೇ ನಿಲ್ಲುತ್ತದೆ, ಟ್ರೇಲರ್ ಮೂಗೆತ್ತಿಕೊಂಡೇ ಇರುತ್ತದೆ. ಆಗ ಟ್ರಕ್ ಮತ್ತೆ ಕಟ್ಟಬೇಕು, ಬೇರೆ ದಾರಿಯಿಲ್ಲ. ಎರಡು ಕಾಲಿನ ಕೆಳಗಿನ ಸಂದು ಹೆಚ್ಚುಕಮ್ಮಿ ಒಂದೇ ಇರುವಂತೆ ತೂತು ಆರಿಸಿ, ಉಳಿದದ್ದನ್ನು ಹಲಗೆಯಿಂದ ತುಂಬಿ.

ಒಂದು ಕಾಲು ಇಳಿದು ಇನ್ನೊಂದು ಅಲ್ಲೇ ನಿಂತರೆ ಮೋಟಾರ್ ಹೋಯಿತೆಂದು ಹೆದರಬೇಡಿ. ಹೆಚ್ಚಿನ ಸಲ ಅಡ್ಡ ಶಾಫ್ಟಿನ ಬೋಲ್ಟ್ ತುಂಡಾಗಿರುತ್ತದೆ. ಹೊಸದು ಹಾಕುವ ಮೊದಲು ಹಿಂದುಳಿದ ಕಾಲನ್ನು ಕೈಯಲ್ಲಿ ತಿರುಗಿಸಿ ಎರಡನ್ನೂ ಸಮಕ್ಕೆ ತನ್ನಿ.

ಎಲೆಕ್ಟ್ರಿಕ್ ಆಟೋ ಲೆವೆಲ್‌ನಲ್ಲಿ, ಉದಾಹರಣೆಗೆ ಲಿಪ್ಪರ್ಟ್ ಕಂಪನಿಯ ಗ್ರೌಂಡ್ ಕಂಟ್ರೋಲ್‌ನಲ್ಲಿ, ಪ್ರತಿ ಕಾಲಿಗೂ ಬೇರೆ ಮೋಟಾರ್. ಹಿಂದೆಯೂ ಎತ್ತುವ ತಾಕತ್ತಿನ ಜಾಕ್ ಇರುತ್ತದೆ. ಮಾಮೂಲಿ ಟ್ರೇಲರ್‌ಗಳ ಹಿಂದಿನ ಸ್ಟೆಬಿಲೈಸರ್ ಅಲುಗಾಟ ತಡೆಯುವುದಕ್ಕೆ ಮಾತ್ರ, ಅದರಿಂದ ಎತ್ತಬಾರದು. ಟ್ರಕ್ಕನ್ನು ಪೂರ್ತಿ ಮುಂದೆ ತೆಗೆದ ಮೇಲೆಯೇ ಆಟೋ ಗುಂಡಿ ಒತ್ತಿ, ಏಕೆಂದರೆ ಅದು ಮೊದಲು ಮೂತಿಯನ್ನು ಮಟ್ಟಕ್ಕಿಂತ ಕೆಳಗೆ ಇಳಿಸುತ್ತದೆ, ಆಮೇಲೆ ಹಿಂದಿನ ಜಾಕ್ ನೆಲ ಮುಟ್ಟಿಸುತ್ತದೆ. ಟ್ರಕ್ಕಿನ ಟೈಲ್‌ಗೇಟ್ (ಹಿಂಬಾಗಿಲು) ಇನ್ನೂ ಮೂತಿಯ ಕೆಳಗೇ ಇದ್ದರೆ ಕಥೆ ಮುಗಿಯಿತು. ಎಣ್ಣೆಯಿಲ್ಲ, ಸೋರಿಕೆಯಿಲ್ಲ, ರಾತ್ರಿಯಿಡೀ ನಿಂತಲ್ಲೇ ನಿಲ್ಲುತ್ತದೆ. ಕಾಟ ಕೊಡುವುದು ಬ್ಯಾಟರಿ. ವೋಲ್ಟೇಜ್ ಬಿದ್ದರೆ ಪ್ಯಾನೆಲ್ಲಿನಲ್ಲಿ ಲೋ ವೋಲ್ಟೇಜ್ ಎಂದು ಬಂದು ಅರ್ಧಕ್ಕೇ ನಿಲ್ಲುತ್ತದೆ. ಟರ್ಮಿನಲ್ ತುಕ್ಕು, ಸಡಿಲ ಅರ್ಥ್ ತಂತಿ, ಹಳೇ ಬ್ಯಾಟರಿ, ಈ ಮೂರರಲ್ಲಿ ಒಂದಾಗಿರುತ್ತದೆ. ಔಟ್ ಆಫ್ ಸ್ಟ್ರೋಕ್ ಎಂದರೆ ಕಾಲಿನ ಓಟ ಮುಗಿದಿದೆ: ಜಾಕ್ ಕೆಳಗೆ ಹಲಗೆ ಕೊಡಿ, ಇಲ್ಲವೇ ಮೇಲೆ ಹೇಳಿದ ಡ್ರಾಪ್ ಲೆಗ್ ಲೆಕ್ಕ ಮತ್ತೆ ಮಾಡಿ. ಕೈಯಿಂದ ತಿರುಗಿಸುವಾಗ ರಾಚೆಟ್ ಅಥವಾ ಸಾಧಾರಣ ಡ್ರಿಲ್ ಸಾಕು. ಇಂಪ್ಯಾಕ್ಟ್ ಡ್ರೈವರ್ ಗೇರ್ ತಿನ್ನುತ್ತದೆ.

ಆರು ಜಾಕಿನ ಹೈಡ್ರಾಲಿಕ್, ಉದಾಹರಣೆಗೆ ಲೆವೆಲ್-ಅಪ್, ಎತ್ತುವುದರಲ್ಲಿ ನಿಸ್ಸಂದೇಹವಾಗಿ ಮೇಲು. 14,000 ಪೌಂಡಿನ ಟ್ರೇಲರಿನಲ್ಲೂ ಮೋಟಾರ್ ಏದುಸಿರು ಬಿಡುವುದಿಲ್ಲ, ಒಳಗೆ ನಡೆದಾಡಿದರೆ ಅಲುಗಾಟವೂ ಕಡಿಮೆ. ಕಾಡಿನ ಒರಟು ಜಾಗಗಳಿಗೆ ಹೋಗುವವರಿಗೆ ನನ್ನ ಆಯ್ಕೆ ಇದೇ. ಆದರೆ ಒಂದೇ ಪಂಪ್, ಅದು ಸತ್ತರೆ ಎಲ್ಲವೂ ನಿಂತಂತೆ. ವಾಲ್ವ್ ಕೈಯಿಂದ ತೆರೆಯುವ ಆಲೆನ್ ಕೀ ಮತ್ತು ಪಂಪ್ ತಿರುಗಿಸಲು ಡ್ರಿಲ್, ಹೆಕ್ಸ್ ಬಿಟ್ ಜೊತೆಯಲ್ಲಿರಲಿ. ಎಣ್ಣೆಯ ಮಟ್ಟ ನೋಡುವುದು ಎಲ್ಲ ಜಾಕ್, ಸ್ಲೈಡ್ ಒಳಗೆಳೆದ ಮೇಲೆ. ಹೊರಗಿರುವಾಗ ಕಡಿಮೆ ಕಾಣುತ್ತದೆಂದು ತುಂಬಿದರೆ ಒಳಗೆಳೆಯುವಾಗ ಉಕ್ಕುತ್ತದೆ. ಬೆಳಗಾಗುವಷ್ಟರಲ್ಲಿ ಒಂದು ಮೂಲೆ ಕುಸಿದಿದ್ದರೆ ಕೂಡಲೇ ಸಿಲಿಂಡರ್ ಬದಲಿಸಬೇಡಿ. ಹಗಲು ಬಿಸಿ, ರಾತ್ರಿ ಚಳಿ ಇರುವ ಅರಿಜೋನದ ಮರುಭೂಮಿಯಂಥ ಕಡೆ ಎಣ್ಣೆ ಕುಗ್ಗಿಯೇ ಸ್ವಲ್ಪ ಇಳಿಯುತ್ತದೆ. ಹೊಸದಾಗಿ ಎಣ್ಣೆ ಹಾಕಿದ್ದರೆ ಗಾಳಿ ಸೇರಿರಬಹುದು, ಜಾಕ್‌ಗಳನ್ನು ನಾಲ್ಕಾರು ಸಲ ಪೂರ್ತಿ ಬಿಟ್ಟು ಎಳೆಯಿರಿ. ಆಮೇಲೂ ಅದೇ ಮೂಲೆ ಇಳಿದರೆ ವಾಲ್ವಿನಲ್ಲಿ ಕಸ ಸಿಕ್ಕಿದೆ ಎಂದುಕೊಳ್ಳಿ.

ಹೈಡ್ರಾಲಿಕ್ ಇದೆಯೆಂದು ಹಲಗೆ ಮನೆಯಲ್ಲಿ ಬಿಟ್ಟು ಬರಬೇಡಿ. ಟೈರ್‌ಗಳೆಲ್ಲ ಗಾಳಿಯಲ್ಲಿ ತೇಲುವಷ್ಟು ಎತ್ತಿದರೆ ಟ್ರೇಲರ್ ಜಾಕ್‌ಗಳ ಮೇಲೆ ಜಾರಬಹುದು, ಫಿಫ್ತ್ ವೀಲಿಗೆ ಪಾರ್ಕಿಂಗ್ ಬ್ರೇಕ್ ಇಲ್ಲ. ಇಳಿಜಾರು ಹೆಚ್ಚಿದ್ದರೆ ತಗ್ಗಿನ ಕಡೆ ಹಲಗೆ ಹತ್ತಿಸಿ, ಚಕ್ರಕ್ಕೆ ಎರಡೂ ಕಡೆ ಚಾಕ್ (ಉರುಳದಂತೆ ತಡೆಯುವ ಆಪು) ಒತ್ತಿ, ಉಳಿದದ್ದನ್ನು ಜಾಕಿಗೆ ಬಿಡಿ. ಕಾಲಿನಡಿಗೂ ಹಲಗೆ ಬೇಕು: 12,000 ಪೌಂಡಿನ ಟ್ರೇಲರಿನಲ್ಲಿ ಶೇ. 20ರಂತೆ ಕಿಂಗ್‌ಪಿನ್ (ಟ್ರಕ್ಕಿನ ಕೊಂಡಿಗೆ ಕೂರುವ ಮೂತಿಯ ಗೂಟ) ಮೇಲೆ 2,400 ಪೌಂಡ್, ಕಾಲುಗಳು ಅದಕ್ಕಿಂತ ಹಿಂದಿರುವುದರಿಂದ ಅವುಗಳ ಹೊರೆ ಇನ್ನೂ ಹೆಚ್ಚು. ಬೇಸಿಗೆಯ ಡಾಂಬರಿನಲ್ಲಿ ಪಾದದ ಅಚ್ಚು ಉಳಿಯುತ್ತದೆ, ಮಳೆ ನೆನೆದ ಹುಲ್ಲಿನಲ್ಲಿ ಪಾದವೇ ಕಾಣೆಯಾಗುತ್ತದೆ.

ಸಿಮೆಂಟ್ ಹಾಸಿನ ಆರ್‌ವಿ (ವಾಸದ ವಾಹನಗಳ) ಪಾರ್ಕ್‌ಗಳಲ್ಲೇ ಉಳಿಯುವವರು ಒಂಟಿ ಮೋಟಾರ್ ಮತ್ತು ನಾಲ್ಕು ಹಲಗೆಯಲ್ಲಿ ಆರಾಮಾಗಿರಬಹುದು. ಆ ಕಾಲುಗಳಿಗೆ ಮಾತ್ರ ಬಿಚ್ಚುವ ಮುನ್ನ ಕೊಂಡಿಯ ಎತ್ತರದಲ್ಲಿ ಮಾರ್ಕರ್ ಗೆರೆ ಎಳೆದಿಡಿ, ಮತ್ತೆ ಕಟ್ಟುವಾಗ ಅದೇ ಎತ್ತರಕ್ಕೆ ತರಬೇಕು. ಆಟೋ ವ್ಯವಸ್ಥೆಗಳು ಈ ಎತ್ತರವನ್ನು ತಾವೇ ನೆನಪಿಡುತ್ತವೆ. ಹಳೆಯ ಟ್ರೇಲರಿಗೆ ಹೈಡ್ರಾಲಿಕ್ ಕೂರಿಸುವ ಯೋಚನೆಯಿದ್ದರೆ ಸಿಲಿಂಡರ್, ಪಂಪ್, ಎಣ್ಣೆ ಎಲ್ಲದರ ತೂಕ ಕೇಳಿ ತಿಳಿದು, ಬಾಗಿಲ ಬಳಿಯ ಹಳದಿ ಚೀಟಿಯಲ್ಲಿರುವ ಸಾಮಾನಿನ ತೂಕದ ಮಿತಿಯಿಂದ ಅದನ್ನು ಮೊದಲೇ ಕಳೆದು ನೋಡಿ.